ಸ್ಕ್ಯಾನಿಂಗ್‌ಗೆ ಮುಂಚೆ ಮಗುವಿಗೆ ಕೊಡುವ ‘ಅಷ್ಟೇ ಅಷ್ಟು’ ಹಾಲು

ಮಗುವಿಗೆ ಎಂಆರ್‌ಐ ಮಾಡಿಸಲು ಚೀಟಿ ಬರೆದುಕೊಟ್ಟಾಗ ತಂದೆ-ತಾಯಿ ಕೇಳುವ ಪ್ರಶ್ನೆಗಳೆಲ್ಲ ಯಂತ್ರದ ಕುರಿತೇ ಇರುತ್ತವೆ. ಕಿರಣದಿಂದ ತೊಂದರೆಯಾದೀತೇ, ಕೊಳವೆಯೊಳಗೆ ಉಸಿರು ಕಟ್ಟೀತೇ ಎಂದು ಅವರು ಚಿಂತಿಸುತ್ತಾರೆ. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣವೇ ಇಲ್ಲ. ಕೊಳವೆಯ ಎರಡೂ ತುದಿ ತೆರೆದಿರುತ್ತವೆ. ಹುಬ್ಬಳ್ಳಿಯಲ್ಲಿ ಅರಿವಳಿಕೆ ತಜ್ಞನಾಗಿರುವ ನನಗೆ ಯಂತ್ರದ ಭಯವಿಲ್ಲ. ನನಗೆ ಭಯವಿರುವುದು ರೋಣದಿಂದಲೋ ರಾಣೆಬೆನ್ನೂರಿನಿಂದಲೋ ಮೊದಲ ಬಸ್ಸಿಗೆ ಹೊರಟುಬಂದ ಕುಟುಂಬದ ಕೈಚೀಲದಲ್ಲಿರುವ ಹಾಲಿನ ಬಾಟಲಿಯದು.

ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಎಷ್ಟೋ ಮಕ್ಕಳಿಗೆ ಔಷಧದ ಅಗತ್ಯವೇ ಬೀಳುವುದಿಲ್ಲ. ತಲೆಯ ಎಂಆರ್‌ಐ ಹಾಗಲ್ಲ. ಅದಕ್ಕೆ ಸಾಮಾನ್ಯವಾಗಿ 20ರಿಂದ 45 ನಿಮಿಷ ಬೇಕು, ಆ ಹೊತ್ತೆಲ್ಲ ತಲೆ ಕದಲಬಾರದು, ಮೇಲಾಗಿ ಯಂತ್ರ ಬಡಿಗೆಯಿಂದ ಹೊಡೆದಂತೆ ಸದ್ದು ಮಾಡುತ್ತಿರುತ್ತದೆ. ಮೂರು ವರ್ಷದ ಮಗುವಿನಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯವಾದ್ದರಿಂದ ನಾವು ಅದನ್ನು ಔಷಧ ಕೊಟ್ಟು ಮಲಗಿಸುತ್ತೇವೆ. ಹೊಟ್ಟೆ ಖಾಲಿ ಇರಲಿ ಎಂದು ಹೇಳುವುದು ಈ ಔಷಧದ ಕಾರಣಕ್ಕೆ, ಯಂತ್ರದ ಕಾರಣಕ್ಕಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯುವುದಿಲ್ಲವಾದ್ದರಿಂದ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ರಾತ್ರಿ ಮನೆಯಲ್ಲಿ ಮಲಗಿದ ಮಗುವಿಗೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ಅದು ಕೆಮ್ಮುತ್ತದೆ, ಎದ್ದು ಅಳುತ್ತದೆ. ಔಷಧದಿಂದ ಮಲಗಿದ ಮಗು ಕೆಮ್ಮುವ ಭರವಸೆಯಿಲ್ಲ. ಅನ್ನನಾಳದ ಕೆಳಬಾಗಿಲು ಸಡಿಲವಾಗಿರುತ್ತದೆ, ಶ್ವಾಸನಾಳವನ್ನು ಕಾಯುವ ಪ್ರತಿಕ್ರಿಯೆ ಮಂಕಾಗಿರುತ್ತದೆ. ಮೇಲೆ ಬಂದ ಹಾಲು, ಜಠರದ ಆಮ್ಲದ ಸಮೇತ, ಸದ್ದಿಲ್ಲದೆ ಪುಪ್ಪುಸಕ್ಕೆ ಇಳಿಯಬಹುದು. ಹೀಗಾಗುವುದು ಅಪರೂಪ ಎಂಬುದು ನಿಜ. ಆದರೆ ಆದಾಗ ನ್ಯುಮೋನಿಯಾ, ತೀವ್ರ ನಿಗಾ ಘಟಕ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಬರುತ್ತದೆ. ಮೂಲ ಕಾಯಿಲೆಗೆ ಚಿಕಿತ್ಸೆಯೂ ಅಲ್ಲದ ಒಂದು ಪರೀಕ್ಷೆಗಾಗಿ ಆ ಅಪಾಯವನ್ನು ಎಳೆದುಕೊಳ್ಳಲು ನಾನು ಸಿದ್ಧನಿಲ್ಲ.

ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಹೀಗಿದೆ. ಔಷಧ ಕೊಡುವ ಹೊತ್ತಿಗೆ ಲಘು ಆಹಾರ, ದನದ ಹಾಲು, ಡಬ್ಬಿಯ ಹಾಲು ಸೇವಿಸಿ 6 ತಾಸು ಆಗಿರಬೇಕು, ಎದೆಹಾಲು ಕುಡಿದು 4 ತಾಸು, ತಿಳಿನೀರು ಕುಡಿದು 2 ತಾಸು. ಕರಿದದ್ದು ತಿಂದಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದರಲ್ಲಿ ಸ್ವಲ್ಪ ವ್ಯತ್ಯಾಸ ಇರುವುದರಿಂದ ನಿಮ್ಮ ಚೀಟಿಯಲ್ಲಿ ಬರೆದದ್ದೇ ನಿಮಗೆ ಅಂತಿಮ. ತಿಳಿನೀರು ಎಂದರೆ ಗಾಜಿನ ಲೋಟದಲ್ಲಿ ಹಾಕಿ ಹಿಡಿದರೆ ಆಚೆ ಇಟ್ಟ ಪತ್ರಿಕೆಯ ಅಕ್ಷರ ಕಾಣಬೇಕು. ಸಕ್ಕರೆ ನೀರಿನಾಚೆ ಕಾಣುತ್ತದೆ, ಮಜ್ಜಿಗೆ, ಗಂಜಿ, ಹಾಲು ಹಾಕಿದ ಚಹಾದಾಚೆ ಕಾಣುವುದಿಲ್ಲ.

ಎಲ್ಲರೂ ಎಡವುವುದು ಹಾಲಿನಲ್ಲಿ. ತಪ್ಪು ಅವರದಷ್ಟೇ ಅಲ್ಲ. ಏಕಾದಶಿ, ಶಿವರಾತ್ರಿಯ ಉಪವಾಸದಲ್ಲಿ ನಮ್ಮ ಮನೆಗಳಲ್ಲಿ ಹಾಲು, ಬಾಳೆಹಣ್ಣು, ಶೇಂಗಾ, ಸಾಬೂದಾನಿ ಎಲ್ಲ ನಡೆಯುತ್ತವೆ. ಅದೇ ರೂಢಿಯಲ್ಲಿ ಬೆಳೆದ ಅಜ್ಜಿಗೆ ಒಂದು ಬಟ್ಟಲು ಹಾಲಿನಿಂದ ಉಪವಾಸ ಕೆಟ್ಟಿತೆಂದು ಅನ್ನಿಸುವುದೇ ಇಲ್ಲ. ಜಠರಕ್ಕೆ ಈ ಸಂಪ್ರದಾಯ ಗೊತ್ತಿಲ್ಲ. ಅಲ್ಲಿನ ಆಮ್ಲ ತಗುಲಿದ ಕೂಡಲೇ ಹಾಲು ಒಡೆದು ಗಟ್ಟಿಯಾಗುತ್ತದೆ, ಕೆಳಗಿಳಿಯಲು ಅನ್ನದಷ್ಟೇ ಹೊತ್ತು ಹಿಡಿಯುತ್ತದೆ.

ಒಮ್ಮೆ ಗದಗಿನ ಕಡೆಯ ಒಬ್ಬ ಹುಡುಗನನ್ನು ಕರೆತಂದಿದ್ದರು. ತಾಯಿಯನ್ನು ಕೇಳಿದೆ, ತಂದೆಯನ್ನು ಕೇಳಿದೆ. ಇಬ್ಬರೂ ‘ರಾತ್ರಿಯಿಂದ ಏನೂ ಕೊಟ್ಟಿಲ್ರೀ’ ಎಂದು ಆಣೆ ಮಾಡುವಂತೆ ಹೇಳಿದರು. ಅವರು ಸುಳ್ಳು ಹೇಳಿರಲಿಲ್ಲ. ಹುಡುಗನ ಮೇಲ್ತುಟಿಯ ಮೂಲೆಯಲ್ಲಿ ಮಾತ್ರ ಸಕ್ಕರೆಯ ನುಣ್ಣನೆ ಪುಡಿ ಅಂಟಿಕೊಂಡಿತ್ತು. ‘ಏನ್ ತಿಂದಿಯೋ ಅಪ್ಪಿ?’ ಎಂದೆ. ‘ಪೇಡೆ, ಅಜ್ಜಿ ಕೊಟ್ಲು’ ಎಂದು ಖುಷಿಯಿಂದ ಹೇಳಿದ. ತಂದೆ-ತಾಯಿ ಹಣ ಕಟ್ಟಲು ಹೋದಾಗ ಮೊಮ್ಮಗನ ಅಳು ತಡೆಯಲಾರದೆ ಅಜ್ಜಿ ಚೀಲದೊಳಗಿನ ಧಾರವಾಡ ಪೇಡೆಯ ಪೊಟ್ಟಣ ಬಿಚ್ಚಿದ್ದರು. ‘ಒಂದs ಒಂದು ಪೇಡೇರಿ, ಅದೇನು ಊಟಾ ಏನ್ರೀ?’ ಎಂದು ಅವರು ನನ್ನನ್ನೇ ಕೇಳಿದರು. ಹಾಲನ್ನೇ ಇಂಗಿಸಿ ಮಾಡಿದ ತಿನಿಸದು. ಅವರ ಮೇಲೆ ಸಿಟ್ಟಾಗಲು ನನ್ನಿಂದಾಗಲಿಲ್ಲ, ಸ್ಕ್ಯಾನಿಂಗ್ ಮುಂದೂಡಿದ್ದಕ್ಕೆ ತಂದೆ ನನ್ನ ಮೇಲೆ ಸಿಟ್ಟಾದರು.

ಆ ಸಿಟ್ಟಿಗೆ ಕಾರಣವಿದೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಮತ್ತೆ ಯಾವಾಗ ಸಿಗುವುದೋ ಎಂಬ ಪಾಳಿ, ಇವೆಲ್ಲ ಹೋದವು ಎಂದಾಗ ಯಾರಿಗಾದರೂ ಬೇಸರವಾಗುತ್ತದೆ. ಈ ಭಯದಿಂದಲೇ ಕೆಲವರು ತಿನ್ನಿಸಿದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ಎಷ್ಟೋ ಸಲ ಅದೇ ದಿನ ನಾಲ್ಕಾರು ತಾಸು ತಡವಾಗಿ ಮಾಡಲು ಬರುತ್ತದೆ, ಆದರೆ ಮುಚ್ಚಿಟ್ಟದ್ದನ್ನು ನನಗೆ ತಿಳಿಸುವ ಯಂತ್ರ ಯಾವುದೂ ನನ್ನ ಬಳಿ ಇಲ್ಲ. ಆದ್ದರಿಂದ ಚೀಟಿಯನ್ನು ಓದಿ ಹೇಳಬೇಕಾದದ್ದು ತಾಯಿಗಷ್ಟೇ ಅಲ್ಲ, ಜೊತೆಗೆ ಬರುವ ಅಜ್ಜಿ, ಮಾಮಾ, ಕಾಕಾ ಎಲ್ಲರಿಗೂ.

ಇದರ ಇನ್ನೊಂದು ತುದಿಯೂ ಇದೆ. ಭಯಪಟ್ಟ ಕೆಲವರು ಹಿಂದಿನ ರಾತ್ರಿ ಎಂಟರಿಂದ ಹನಿ ನೀರೂ ಕೊಡದೆ ಮಧ್ಯಾಹ್ನದ ಸರದಿಗೆ ಕರೆತರುತ್ತಾರೆ. ಒಣಗಿದ ಮಗುವಿನ ರಕ್ತನಾಳ ಸಿಗುವುದೇ ಕಷ್ಟ, ಎಳೆಯ ಕೂಸುಗಳಲ್ಲಿ ರಕ್ತದ ಸಕ್ಕರೆ ಇಳಿಯಬಹುದು. ಎರಡು ತಾಸು ಮುಂಚಿನವರೆಗೆ ನೀರು ಕುಡಿಸಬಹುದು ಎಂದು ಬರೆದಿದ್ದರೆ ಎಬ್ಬಿಸಿಯಾದರೂ ಕುಡಿಸಿರಿ. ಫಿಟ್ಸ್ ಔಷಧವನ್ನಂತೂ ಉಪವಾಸದ ಹೆಸರಿನಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ಬಹುತೇಕ ಅದನ್ನು ಒಂದು ಗುಟುಕು ನೀರಿನೊಂದಿಗೆ ಹೊತ್ತಿಗೆ ಸರಿಯಾಗಿ ಕೊಡಲು ಹೇಳುತ್ತೇವೆ, ಆದರೂ ಮುನ್ನಾದಿನವೇ ವೈದ್ಯರನ್ನು ಕೇಳಿಕೊಳ್ಳಿ.

‘ಪಕ್ಕದ ಮನೆಯ ಕೂಸಿಗೆ ಹಾಲು ಕುಡಿಸಿಯೇ ಎಂಆರ್‌ಐ ಮಾಡಿದರಲ್ಲ’ ಎಂದು ವಾದಿಸುವವರೂ ಇದ್ದಾರೆ. ಮಾಡಿರಬಹುದು. ಎರಡು-ಮೂರು ತಿಂಗಳೊಳಗಿನ ಕೂಸಿಗೆ ಹೊಟ್ಟೆ ತುಂಬ ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಅದು ಔಷಧವಿಲ್ಲದೆ ತಾನಾಗಿ ಮಲಗುತ್ತದೆ, ಅಷ್ಟರಲ್ಲಿ ಚಿತ್ರ ತೆಗೆಯಬಹುದು. ಅಲ್ಲಿ ಔಷಧವೇ ಇಲ್ಲದ್ದರಿಂದ ಆ ನಿಯಮ ನಿಮ್ಮ ಎರಡು ವರ್ಷದ ಮಗುವಿಗೆ ಸಲ್ಲುವುದಿಲ್ಲ.

ಉಳಿದವು ಚಿಕ್ಕವು. ಉಡದಾರ, ತಾಯಿತ, ಕಾಲ್ಗೆಜ್ಜೆ, ಪಿನ್ನು ಮನೆಯಲ್ಲೇ ಬಿಚ್ಚಿಡಿ. ನೆಗಡಿ, ಕೆಮ್ಮು, ಜ್ವರ ಇದ್ದರೆ ಬಸ್ಸು ಹತ್ತುವ ಮುಂಚೆ ಫೋನ್ ಮಾಡಿ.

ಪರೀಕ್ಷೆ ಮುಗಿದು ಮಗು ಸರಿಯಾಗಿ ಎಚ್ಚರಗೊಂಡ ಮೇಲೆ, ನಮ್ಮ ಸಿಬ್ಬಂದಿ ಹೇಳಿದ ನಂತರ, ಮೊದಲು ಗುಟುಕು ನೀರು, ಅದು ವಾಂತಿಯಾಗದೆ ಹೊಟ್ಟೆಯಲ್ಲಿ ಉಳಿದರೆ ಹಾಲು ಅಥವಾ ಮೆತ್ತನೆ ತಿನಿಸು ಕೊಡಿ. ಬಸ್‌ಸ್ಟ್ಯಾಂಡಿನ ಮಿರ್ಚಿಯನ್ನು ಸಂಜೆಗೆ ಬಿಡಿ. ಔಷಧದ ಮಂಪರು ಕೆಲ ತಾಸು ಉಳಿಯುವುದರಿಂದ ಮಗುವನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿ. ತೂಕಡಿಸುವ ಮಗುವಿನ ಗದ್ದ ಎದೆಗೆ ಬಿದ್ದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಆದ್ದರಿಂದ ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಒಬ್ಬರು ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ಅದರ ತಲೆಯನ್ನು ನೆಟ್ಟಗೆ ಹಿಡಿದು, ಮುಖ ನೋಡುತ್ತ ಕುಳಿತಿರಬೇಕು.