ಹಾವಿನ ಪೆಟ್ಟಿಗೆಯಲ್ಲಿ ಶಾಖದ ಇಳಿಜಾರು

ಹಾವನ್ನು ‘ಶೀತರಕ್ತದ ಪ್ರಾಣಿ’ ಎಂದು ಕರೆಯುವ ರೂಢಿ ಇನ್ನೂ ಹೋಗಿಲ್ಲ. ಬಿಸಿಲಿಗೆ ಮೈಯೊಡ್ಡಿ ಮಲಗಿದ ಹಾವಿನ ಮೈ 30 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅದರಲ್ಲಿ ಶೀತ ಎಲ್ಲಿಂದ ಬಂತು? ಅಮೆರಿಕದ ಪ್ರಾಣಿಶಾಸ್ತ್ರಜ್ಞರಾದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ 1944ರಲ್ಲೇ ಮರುಭೂಮಿಯ ಸರೀಸೃಪಗಳ ಮೈಬಿಸಿಯನ್ನು ಅಳೆದು ಪ್ರಕಟಿಸಿದ್ದರು. ಬಿಸಿಲಿಗೂ ನೆರಳಿಗೂ ಓಡಾಡುತ್ತಲೇ ಅವು ಮೈಯ ಉಷ್ಣತೆಯನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ನಮ್ಮ ಯಕೃತ್ತು, ಸ್ನಾಯುಗಳು ಮಾಡುವ ಕೆಲಸವನ್ನು ಹಾವು ತನ್ನ ನಡೆಯಿಂದ ಮಾಡುತ್ತದೆ.

ಸಾಕಿದ ಹಾವಿನ ಪೆಟ್ಟಿಗೆಯನ್ನು ಬಿಸಿ ಮಾಡುವವರು ಎಡವುವುದು ಇಲ್ಲೇ. ‘ಎಷ್ಟು ಡಿಗ್ರಿ ಇಡಬೇಕು?’ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಬೇಟೆ ನುಂಗಿದ ಹಾವಿಗೆ ಜೀರ್ಣಕ್ಕೆ ಹೆಚ್ಚು ಬಿಸಿ ಬೇಕು. ಬಿಸಿ ಸಾಲದಿದ್ದರೆ ನುಂಗಿದ್ದನ್ನು ಕಕ್ಕಿಬಿಡಬಹುದು. ಹೊಟ್ಟೆ ಹಗುರಾದ ಮೇಲೆ ಅದೇ ಹಾವು ತಂಪು ಹುಡುಕುತ್ತದೆ. ಸೋಂಕು ತಗುಲಿದ ಮರುಭೂಮಿ ಇಗ್ವಾನಾ ಎಂಬ ಹಲ್ಲಿಜಾತಿಯ ಪ್ರಾಣಿಗಳು ಬಿಸಿ ಜಾಗ ಹುಡುಕಿಕೊಂಡು ಹೋಗಿ ತಾವೇ ಜ್ವರ ಬರಿಸಿಕೊಳ್ಳುವುದು 1970ರ ದಶಕದ ಪ್ರಯೋಗಗಳಲ್ಲಿ ಕಂಡುಬಂತು; ಹಾಗೆ ಬಿಸಿಯಾಗಲು ಅವಕಾಶ ಸಿಕ್ಕವುಗಳೇ ಹೆಚ್ಚು ಬದುಕಿದವು. ಇಡೀ ಪೆಟ್ಟಿಗೆ 30 ಡಿಗ್ರಿ ಇದ್ದರೆ ಈ ಆಯ್ಕೆಯೇ ಹಾವಿನ ಕೈತಪ್ಪುತ್ತದೆ. ಆದ್ದರಿಂದ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು, ನಡುವೆ ಇಳಿಜಾರು. ಬಾಲ್ ಪೈಥಾನ್‌ಗೆ ಬಿಸಿ ಜಾಗ 31ರಿಂದ 33, ತಂಪು ಬದಿ 24ರಿಂದ 27 ಡಿಗ್ರಿ. ಕಾರ್ನ್ ಸ್ನೇಕ್‌ಗೆ ಬಿಸಿ ಬದಿ 28ರಿಂದ 31, ತಂಪು ಬದಿ 21ರಿಂದ 24. ಎರಡೂ ತುದಿಗಳಲ್ಲಿ ಒಂದೊಂದು ಅಡಗುತಾಣ ಇರಲೇಬೇಕು. ಒಂದೇ ಇದ್ದರೆ ಹಾವು ಹದವಾದ ಬಿಸಿಯನ್ನು ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ.

ಇನ್ನು ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ತಾನೇ ಹದದಲ್ಲಿ ಇಡುವ ಉಪಕರಣ. ಹದಿನೇಳನೇ ಶತಮಾನದಲ್ಲಿ ಕೊರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಕುಶಲಿ ಮೊಟ್ಟೆ ಮರಿಮಾಡುವ ಒಲೆಗೆ ಪಾದರಸದ ನೆರವಿನಿಂದ ತಾನೇ ಗಾಳಿಕಿಂಡಿ ತೆರೆದು ಮುಚ್ಚುವ ಏರ್ಪಾಡು ಮಾಡಿದ್ದ. ಒಲೆ ಕಾವೇರಿದರೆ ಪಾದರಸ ಮೇಲೇರಿ ಕಿಂಡಿ ಮುಚ್ಚಿ ಬೆಂಕಿ ಕುಗ್ಗುತ್ತಿತ್ತು. ಇಂದಿನ ಉಪಕರಣದ ತಿರುಳೂ ಅದೇ. ಮಹಡಿಯ ಮೇಲಿನ ನೀರಿನ ಟ್ಯಾಂಕಿನ ತೇಲುಬುರುಡೆಯನ್ನು ನೆನೆಯಿರಿ: ನೀರು ಏರಿದಂತೆ ಬುರುಡೆ ಏರಿ ನಲ್ಲಿ ಮುಚ್ಚುತ್ತದೆ. ಆ ಬುರುಡೆಯನ್ನು ಯಾರೋ ಟ್ಯಾಂಕಿನ ಹೊರಗೆ ತೂಗುಹಾಕಿದರೆ? ಟ್ಯಾಂಕು ತುಂಬಿ ಹರಿದರೂ ನಲ್ಲಿ ನಿಲ್ಲದು. ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ಸೆನ್ಸರ್ ಆ ಬುರುಡೆಯಿದ್ದಂತೆ. ಕಣ್ಣು ಕಟ್ಟಿದ ಅಡುಗೆಯವನ ಹಾಗೆ ಎಂದರೂ ಸರಿ. ಅವನ ಬೆರಳು ಎಲ್ಲಿ ಮುಟ್ಟಿದೆಯೋ ಅಲ್ಲಿನ ಬಿಸಿಯಷ್ಟೇ ಅವನಿಗೆ ಗೊತ್ತು.

ಹೀಟ್ ಮ್ಯಾಟ್, ಅಂದರೆ ಪೆಟ್ಟಿಗೆಯ ತಳದ ಕೆಳಗಿಡುವ, ವಿದ್ಯುತ್ತಿನಿಂದ ಕಾಯುವ ಹಾಸು ಬಳಸುವಾಗ ಸೆನ್ಸರನ್ನು ಗಾಳಿಯಲ್ಲಿ ತೂಗಬಿಡುವ ತಪ್ಪು ಬಹಳ ಸಾಮಾನ್ಯ. ಮ್ಯಾಟ್ ತನ್ನ ಮೇಲಿನ ನೆಲವನ್ನು ಕಾಯಿಸುತ್ತದೆ, ಗಾಳಿಯನ್ನಲ್ಲ. ಗಾಳಿ 31 ಡಿಗ್ರಿ ಮುಟ್ಟಲೆಂದು ಸೆನ್ಸರ್ ಕಾಯುತ್ತಲೇ ಇರುತ್ತದೆ, ಅತ್ತ ನೆಲ 50 ಡಿಗ್ರಿ ತಲುಪಬಹುದು. ಸೆನ್ಸರ್ ಇರಬೇಕಾದದ್ದು ಮ್ಯಾಟ್‌ಗೂ ಗಾಜಿನ ತಳಕ್ಕೂ ನಡುವೆ, ಹೊರಗಡೆ, ಅಲುಗದಂತೆ. ಒಳಗಿಟ್ಟರೆ ಹಾವು ಅದನ್ನು ಎಳೆದುಹಾಕುತ್ತದೆ, ಇಲ್ಲವೇ ಅದರ ಮೇಲೆ ಮೂತ್ರ ಬೀಳುತ್ತದೆ, ನೀರು ಚೆಲ್ಲುತ್ತದೆ. ಒದ್ದೆ ಸೆನ್ಸರ್ ‘ಇಲ್ಲಿ ತಂಪಿದೆ’ ಎಂದು ಸುಳ್ಳು ಹೇಳುತ್ತದೆ. ಹೊರಗಿಟ್ಟ ಸೆನ್ಸರ್ ಹಾವು ಮುಟ್ಟುವ ನೆಲಕ್ಕಿಂತ ಕೊಂಚ ಹೆಚ್ಚು ತೋರಿಸುವುದು ಸಹಜ. ಒಳನೆಲವನ್ನು ಬೇರೆ ಥರ್ಮಾಮೀಟರಿನಿಂದ ಅಳೆದು, ಅಲ್ಲಿ ಬೇಕಾದ ಬಿಸಿ ಬರುವವರೆಗೆ ಥರ್ಮೋಸ್ಟಾಟನ್ನು ಹೊಂದಿಸಬೇಕು. ಪೆಟ್ಟಿಗೆಯೊಳಗೆ ಅಂಟುಪಟ್ಟಿ ಮಾತ್ರ ಬೇಡವೇ ಬೇಡ. ಅದು ಅಂಟಿದರೆ ಹುರುಪೆಗಳ ಸಮೇತ ಚರ್ಮ ಕಿತ್ತುಬರುತ್ತದೆ.

ಮ್ಯಾಟ್ ತಳದ ಮೂರನೇ ಒಂದು ಭಾಗವನ್ನಷ್ಟೇ ಆವರಿಸಲಿ. ಗಾಜಿನ ತೊಟ್ಟಿಯ ಕೆಳಗೆ ಗಾಳಿಯಾಡಲು ಕೆಲವು ಮಿಲಿಮೀಟರ್ ಸಂದು ಬಿಡಿ. ಶಾಖ ಸಿಕ್ಕಿಬಿದ್ದರೆ ಗಾಜು ಸೀಳಬಹುದು, ಮ್ಯಾಟೂ ಸುಡಬಹುದು. ಮ್ಯಾಟ್ ಮೇಲೆ ದಪ್ಪ ನೆಲಹಾಸು ಹರಡುವುದೂ ಅಪಾಯವೇ. ನಿಸರ್ಗದಲ್ಲಿ ಶಾಖ ಮೇಲಿನಿಂದ ಬರುತ್ತದೆ, ಸೆಕೆಯಾದ ಹಾವು ಮಣ್ಣೊಳಗೆ ಇಳಿದರೆ ತಂಪು ಸಿಗುತ್ತದೆ. ಇಲ್ಲಿ ಎಲ್ಲ ತಲೆಕೆಳಗು: ತಂಪಿಗಾಗಿ ಇಳಿದ ಹಾವು ಹೀಟರಿನ ಮೇಲೆಯೇ ಹೋಗಿ ಕೂರುತ್ತದೆ. ಬಿಸಿ ವಸ್ತುವಿನ ಮೇಲಿಂದ ಹಾವು ತಾನಾಗಿ ಎದ್ದುಹೋಗುತ್ತದೆಂದು ನಂಬಬೇಡಿ. ಹೊಟ್ಟೆಯ ಹುರುಪೆಗಳು ಸುಟ್ಟು ಗುಳ್ಳೆಯೆದ್ದರೂ ಅಲ್ಲೇ ಸುರುಳಿ ಸುತ್ತಿರುವ ಹಾವುಗಳು ಪಶುವೈದ್ಯರಿಗೆ ಹೊಸತಲ್ಲ. ವಿದ್ಯುತ್ತಿನಿಂದ ಕಾಯುವ ‘ಬಿಸಿ ಕಲ್ಲು’ಗಳನ್ನು ಪೆಟ್ಟಿಗೆಗೆ ತರಲೇಬಾರದು ಎನ್ನುವುದು ಇದೇ ಕಾರಣಕ್ಕೆ.

ಮರದ ಪೆಟ್ಟಿಗೆಗೆ ಮೇಲಿನಿಂದ ಶಾಖ ಕೊಡುವುದು ಮೇಲು, ಏಕೆಂದರೆ ಮರದ ತಳ ಮ್ಯಾಟಿನ ಶಾಖವನ್ನು ತಡೆಯುತ್ತದೆ. ಮೇಲಿನ ಶಾಖದಲ್ಲೂ ಬಗೆಗಳಿವೆ. 1800ರಲ್ಲಿ ವಿಲಿಯಂ ಹರ್ಷೆಲ್ ಅಶ್ರಗದಿಂದ (ಪ್ರಿಸಂ) ಹೊಮ್ಮಿದ ಬಣ್ಣಗಳ ಪಟ್ಟಿಯಲ್ಲಿ ಕೆಂಪಿನಾಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಪಾದರಸ ಏರಿತು. ಅದೇ ಅವಕೆಂಪು ಕಿರಣ. ಅದರಲ್ಲಿ ಕಿರುತರಂಗದ ಭಾಗ ಚರ್ಮದೊಳಕ್ಕೆ ಇಳಿಯುತ್ತದೆ, ದೀರ್ಘತರಂಗದ ಭಾಗ ಮೇಲ್ಪದರದಲ್ಲೇ ಹೀರಿಹೋಗುತ್ತದೆ. ಟಂಗ್‌ಸ್ಟನ್ ತಂತಿಯ ಬಲ್ಬು ಸುಮಾರು 1 ಮೈಕ್ರೋಮೀಟರ್ ತರಂಗದೂರದ ಆಸುಪಾಸಿನಲ್ಲಿ ಅತಿ ಹೆಚ್ಚು ಹೊಮ್ಮಿಸುತ್ತದೆ, ಹೀಗಾಗಿ ಬಿಸಿಲಿಗೆ ಹತ್ತಿರ. ಸೆರಾಮಿಕ್ ಹೀಟರ್ ಹೊಮ್ಮಿಸುವುದು ಹೆಚ್ಚಾಗಿ ದೀರ್ಘತರಂಗವನ್ನೇ. ಆದ್ದರಿಂದ ಹಗಲಿಗೆ ಬಲ್ಬು, ಬೇಕಿದ್ದರೆ ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್. ರಾತ್ರಿ ಕೆಂಪು ಬಲ್ಬು ಹಾವಿಗೆ ಕಾಣದು ಎಂಬ ನಂಬಿಕೆಗೆ ಜೋತುಬೀಳಬೇಡಿ. ಕತ್ತಲು ಕತ್ತಲಾಗಿಯೇ ಇರಲಿ.

ಸೆರಾಮಿಕ್ ಹೀಟರಿನ ಮೇಲ್ಮೈ 200 ಡಿಗ್ರಿ ಮೀರಬಲ್ಲದು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಬೇಕು. ಪೆಟ್ಟಿಗೆಯೊಳಗಿನ ಪ್ರತಿ ಬಲ್ಬಿಗೂ ಹೀಟರಿಗೂ ತಂತಿಜಾಲರಿಯ ಕಾವಲು ಬೇಕು, ಏಕೆಂದರೆ ಹಾವು ಅದಕ್ಕೇ ಸುತ್ತಿಕೊಳ್ಳುತ್ತದೆ. ಥರ್ಮೋಸ್ಟಾಟ್‌ನ ಬಗೆಯೂ ಹೊಂದಬೇಕು: ಮ್ಯಾಟ್‌ಗೆ ಆನ್-ಆಫ್ ಬಗೆ ಸಾಕು, ಸೆರಾಮಿಕ್‌ಗೆ ಸಣ್ಣ ಸಣ್ಣ ಮಿಡಿತಗಳಲ್ಲಿ ವಿದ್ಯುತ್ ಕೊಡುವ ಪಲ್ಸ್ ಬಗೆ, ಬಲ್ಬಿಗೆ ವಿದ್ಯುತ್ತನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಮ್ಮರ್ ಬಗೆ. ಬಲ್ಬಿಗೆ ಆನ್-ಆಫ್ ಹಾಕಿದರೆ ಅದು ದಿನವಿಡೀ ಮಿನುಗಿ ಬೇಗ ಸುಟ್ಟುಹೋಗುತ್ತದೆ. ಮೇಲಿನ ಶಾಖ ಗಾಳಿಯನ್ನು ಒಣಗಿಸುತ್ತದೆ, ಪೊರೆ ಚೂರುಚೂರಾಗಿ ಕಳಚತೊಡಗಿದರೆ ತೇವ ನೋಡಿಕೊಳ್ಳಿ.

ಅಳೆಯಲು ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ನೆಚ್ಚಬೇಡಿ. ಎರಡು ತುದಿಗೆ ಎರಡು ಡಿಜಿಟಲ್ ಥರ್ಮಾಮೀಟರ್, ನೆಲದ ಬಿಸಿಗೆ ಮುಟ್ಟದೆಯೇ ಅಳೆಯುವ ಅವಕೆಂಪು ಗನ್. ಗಾಜಿನ ಹೊರಗಿನಿಂದ ಗನ್ ಹಿಡಿದರೆ ಸಿಗುವುದು ಗಾಜಿನ ಬಿಸಿ ಮಾತ್ರ. ದೀರ್ಘತರಂಗದ ಅವಕೆಂಪಿಗೆ ಗಾಜು ಗೋಡೆಯೇ. ಬಾಗಿಲು ತೆರೆದು ಅಳೆಯಿರಿ. ಹಾವು ಬರುವ ಮೊದಲೇ ಎರಡು ದಿನ ಖಾಲಿ ಪೆಟ್ಟಿಗೆಯನ್ನು ಓಡಿಸಿ, ನಡುಮಧ್ಯಾಹ್ನವೂ ಬೆಳಗಿನ ಜಾವವೂ ಅಂಕಿ ಬರೆದಿಡಿ. ಕರೆಂಟು ಹೋದರೆ ಗಾಬರಿ ಬೇಡ: ಗಾಳಿಕಿಂಡಿ ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿ ಮರಳುವವರೆಗೆ ಆಹಾರ ಕೊಡಬೇಡಿ. ಕೆಲವು ತಾಸಿನ ತಂಪನ್ನು ಆರೋಗ್ಯವಂತ ಹಾವು ತಾಳಿಕೊಳ್ಳುತ್ತದೆ. ತಪ್ಪಿಸಿಕೊಳ್ಳಲು ಜಾಗವಿಲ್ಲದೆ 40 ಡಿಗ್ರಿಯಲ್ಲಿ ಸಿಕ್ಕಿಬಿದ್ದ ಹಾವು ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು.