ಹೋಗುವಾಗ 23 ದಿನ, ಬರುವಾಗ ಮೂರು ತಿಂಗಳು

ವಾಸ್ಕೋ ಡ ಗಾಮ ಬಂದ ದಾರಿಯನ್ನು ಶಾಲೆಯ ಭೂಪಟದಲ್ಲಿ ನೀವೆಲ್ಲ ನೋಡಿರುತ್ತೀರಿ. ಲಿಸ್ಬನ್‌ನಿಂದ ಹೊರಟ ಚುಕ್ಕಿಗೆರೆ ಆಫ್ರಿಕಾದ ದಂಡೆಗೆ ಅಂಟಿಕೊಂಡೇ ಕೆಳಗಿಳಿಯುತ್ತದೆ, ತುದಿ ಸುತ್ತಿಕೊಂಡು ಕಲ್ಲಿಕೋಟೆ ಮುಟ್ಟುತ್ತದೆ. ಸರಕು ಹಡಗುಗಳಲ್ಲಿ ದಾರಿ ಗುರುತಿಸುವುದೇ ನನ್ನ ಕೆಲಸವಾಗಿತ್ತು. ಆ ಗೆರೆ ಸರಿಯಿಲ್ಲ ಎಂದು ಹೊಸ ಹುಡುಗರಿಗೆ ಮೊದಲ ಪಾಠದಲ್ಲೇ ಹೇಳುತ್ತೇನೆ. ಭೂಮಧ್ಯರೇಖೆ ದಾಟಿದ ಮೇಲೆ ಆ ದಂಡೆಯಲ್ಲಿ ದಕ್ಷಿಣಕ್ಕೆ ಹೋಗುವವನಿಗೆ ಗಾಳಿಯೂ ಎದುರು, ನೀರಿನ ಸೆಳೆತವೂ ಎದುರು. ಹಾಯಿ ಹಡಗು ಅಲ್ಲಿ ಏಗುವುದು ಕಷ್ಟ.

ಗಾಮ ಹಿಡಿದದ್ದು ಬೇರೆಯೇ ದಾರಿ. 1497ರ ಜುಲೈ 8ರಂದು ನಾಲ್ಕು ಹಡಗುಗಳೊಂದಿಗೆ ಹೊರಟ. ಆಗಸ್ಟ್ 3ರಂದು ಕೇಪ್ ವರ್ಡೆ ದ್ವೀಪ ಬಿಟ್ಟ ಮೇಲೆ ಆಫ್ರಿಕಾಕ್ಕೆ ಬೆನ್ನು ಹಾಕಿ ಅಟ್ಲಾಂಟಿಕ್‌ನ ನಡುವಿಗೇ ಹೋದ. ಸಾಕಷ್ಟು ದಕ್ಷಿಣಕ್ಕಿಳಿದರೆ ಪಶ್ಚಿಮದಿಂದ ಬೀಸುವ ಗಾಳಿ ಸಿಗುತ್ತದೆ, ಅದು ಹಡಗನ್ನು ಆಫ್ರಿಕಾದ ತುದಿಯ ಕಡೆಗೆ ತಳ್ಳುತ್ತದೆ. ಅದರ ಸುಳಿವು 1488ರಲ್ಲಿ ಆ ತುದಿ ದಾಟಿ ಹಿಂದಿರುಗಿದ್ದ ಬಾರ್ತೊಲೊಮಿಯು ಡಯಾಸ್‌ನಿಂದ ಸಿಕ್ಕಿತ್ತು. ನವೆಂಬರ್ 4ರವರೆಗೆ, ಅಂದರೆ ಮೂರು ತಿಂಗಳು, ಗಾಮನ ಜನ ನೆಲವನ್ನೇ ನೋಡಲಿಲ್ಲ. ಕೊಲಂಬಸ್ ಕೆನರಿ ದ್ವೀಪದಿಂದ ಅಮೆರಿಕದ ದ್ವೀಪ ಮುಟ್ಟಿದ್ದು ಐದೇ ವಾರದಲ್ಲಿ. ಸಮುದ್ರಯಾನದ ಲೆಕ್ಕದಲ್ಲಿ ಗಾಮನದು ಜಾಸ್ತಿ ದೊಡ್ಡ ಸಾಹಸ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಅರಬ್ಬಿ ಸಮುದ್ರದ ವಿಷಯದಲ್ಲಿ ಅವನಿಗೆ ಏನೂ ಗೊತ್ತಿರಲಿಲ್ಲ. ಅದನ್ನು ಕಲಿಯಲು ತೆತ್ತ ಬೆಲೆ ದೊಡ್ಡದು.

ಪೂರ್ವ ಆಫ್ರಿಕಾದ ಮಾಲಿಂದಿಯಲ್ಲಿ ಅಲ್ಲಿನ ಸುಲ್ತಾನ ಅವನಿಗೆ ಒಬ್ಬ ಪೈಲಟ್‌ನನ್ನು, ಅಂದರೆ ದಾರಿ ತೋರಿಸುವ ನಾವಿಕನನ್ನು, ಕೊಟ್ಟ. 1498ರ ಏಪ್ರಿಲ್ 24ರಂದು ಹೊರಟರು. ನೈಋತ್ಯದ ಗಾಳಿ ಶುರುವಾಗುವ ಹೊತ್ತು ಅದು. 23 ದಿನಕ್ಕೆ ಮಲಬಾರಿನ ಬೆಟ್ಟ ಕಂಡಿತು. ಈ ಕಡಲಿನ ಪೈಲಟ್‌ಗಳ ಹತ್ತಿರ ಕಮಾಲ್ ಎಂಬ ಉಪಕರಣ ಇರುತ್ತಿತ್ತು. ಅಂಗೈಯಷ್ಟು ಮರದ ಹಲಗೆ, ನಡುವೆ ತೂತು, ಅದರಲ್ಲಿ ಒಂದೊಂದು ಬಂದರಿಗೆ ಒಂದೊಂದು ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಹಿಡಿಯಬೇಕು. ಕೆಳಗಿನ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಕೂತರೆ, ಆ ಗಂಟಿನ ಬಂದರಿನ ಅಕ್ಷಾಂಶಕ್ಕೆ ಬಂದಿದ್ದೀರಿ ಎಂದರ್ಥ. ಆಮೇಲೆ ಅದೇ ಎತ್ತರ ಬಿಡದೆ ಪೂರ್ವಕ್ಕೆ ಹೋದರೆ ಸಾಕು. ಎಷ್ಟು ಸರಳ, ಅಲ್ವಾ?

ವಾಪಸ್ ಹೋಗುವಾಗ ಲೆಕ್ಕ ತಪ್ಪಿತು. ಕಲ್ಲಿಕೋಟೆಯಲ್ಲಿ ಅಲ್ಲಿನ ರಾಜ ಜಾಮೊರಿನ್ ಜೊತೆ ವ್ಯಾಪಾರ, ಸುಂಕದ ವಿಷಯಕ್ಕೆ ಮನಸ್ತಾಪವಾಗಿ ಆಗಸ್ಟ್ 29ರಂದೇ ಹೊರಟುಬಿಟ್ಟರು. ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಿಂತು ಹಡಗು ತೊಳೆದು, ನೀರು ತುಂಬಿಕೊಂಡರು. ಅಕ್ಟೋಬರ್ 5ರಂದು ಅಲ್ಲಿಂದ ಆಫ್ರಿಕಾದ ಕಡೆ ತಿರುಗಿದರು. ಅಕ್ಟೋಬರ್ ಅಂದರೆ ಒಂದು ಮಾರುತ ಮುಗಿದು ಇನ್ನೊಂದು ಸರಿಯಾಗಿ ಶುರುವಾಗದ ಸಮಯ. ಗಾಳಿ ಇದ್ದರೆ ಎದುರು, ಇಲ್ಲದಿದ್ದರೆ ಹಾಯಿ ಸುಮ್ನೆ ಜೋತುಬೀಳುತ್ತದೆ. 23 ದಿನದಲ್ಲಿ ದಾಟಿದ್ದ ಸಮುದ್ರ ಈಗ ಸುಮಾರು 90 ದಿನ ಹಿಡಿಯಿತು.

ತಾಜಾ ಹಣ್ಣು, ತರಕಾರಿ ಇಲ್ಲದೆ ಸ್ಕರ್ವಿ ಬಂತು. ವಸಡು ಹಲ್ಲಿನ ಮೇಲೆ ಬೆಳೆದು ಊಟ ಮಾಡಲಾಗದ ಸ್ಥಿತಿ, ಕಾಲೆಲ್ಲ ಊತ. ಆ ಮೂರು ತಿಂಗಳಲ್ಲಿ 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದಿದ್ದರು ಎಂದು ಜೊತೆಗಿದ್ದವನೊಬ್ಬ ದಿನಚರಿಯಲ್ಲಿ ಬರೆದಿದ್ದಾನೆ. 1499ರ ಜನವರಿ 2ರಂದು ಆಫ್ರಿಕಾ ಕಂಡಿತು. ಮಾಲಿಂದಿ ಮುಟ್ಟಿ ಮೊದಲು ತರಿಸಿದ್ದು ಕಿತ್ತಳೆ ಹಣ್ಣು. ನಡೆಸಲು ಜನ ಸಾಲದೆ ಸಾವೊ ರಾಫೆಲ್ ಹಡಗನ್ನು ದಾರಿಯಲ್ಲೇ ಸುಟ್ಟುಹಾಕಿದರು.

ಈ ಸಾವುಗಳ ಬಗ್ಗೆ ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಡಿಸೆಂಬರ್‌ವರೆಗೆ ತಡೆದಿದ್ದರೆ ಈಶಾನ್ಯದ ಗಾಳಿ ಬೆನ್ನಿಗೆ ಸಿಕ್ಕುತ್ತಿತ್ತು. ಈ ಕರಾವಳಿಯಲ್ಲಿ ಅದನ್ನು ತಿಳಿಯದ ನಾವಿಕನೇ ಇರಲಿಲ್ಲ. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಮಳೆಗಾಲದಲ್ಲಿ ಕಡಲಿಗಿಳಿಯುವುದಿಲ್ಲ. ದಾರಿ ಎಷ್ಟು ಮುಖ್ಯವೋ ಹೊರಡುವ ತಿಂಗಳೂ ಅಷ್ಟೇ ಮುಖ್ಯ.

ಪೋರ್ಚುಗೀಸರು ಇದನ್ನು ಬೇಗ ಕಲಿತರು. ಮುಂದಿನ ಪಡೆಗೆ ಸೂಚನೆ ಕೊಟ್ಟವನು ಗಾಮನೇ. ಆ ಪಡೆಯ ನಾಯಕ ಪೆದ್ರೊ ಕಬ್ರಾಲ್ 1500ರ ಮಾರ್ಚ್ 9ರಂದು ಲಿಸ್ಬನ್ ಬಿಟ್ಟು, ಅಟ್ಲಾಂಟಿಕ್‌ನಲ್ಲಿ ಇನ್ನೂ ಪಶ್ಚಿಮಕ್ಕೆ ಸರಿದು ಬ್ರೆಜಿಲ್ ಮುಟ್ಟಿ, ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆಗೆ ಬಂದ. ಅವನಿಗೂ ಅಲ್ಲಿ ಜಗಳವಾಯಿತು. ಆದರೆ ಕೊಚ್ಚಿ, ಕಣ್ಣೂರಿನಲ್ಲಿ ಸರಕು ತುಂಬಿಕೊಂಡು ಮಲಬಾರ್ ಬಿಟ್ಟದ್ದು ಜನವರಿಯಲ್ಲಿ. ಆಮೇಲೆ ಬಂದ ಪಡೆಗಳೂ ವಸಂತದಲ್ಲಿ ಲಿಸ್ಬನ್ ಬಿಟ್ಟು, ಡಿಸೆಂಬರ್-ಜನವರಿಯಲ್ಲಿ ಮೆಣಸು ಹೊತ್ತು ಹಿಂದಿರುಗುವ ಇದೇ ಲೆಕ್ಕ ಹಿಡಿದವು.