ಸಬ್‌ವೂಫರ್ ಗುಂಯ್‌ಗುಟ್ಟಿದರೆ ಅರ್ಥ್ ಪಿನ್ ಕತ್ತರಿಸಬೇಡಿ

ಮೈಸೂರಿನಲ್ಲಿ ನಿವೃತ್ತ ಉಪನ್ಯಾಸಕರೊಬ್ಬರ ಮನೆಗೆ ಹೋಗಿದ್ದೆ. ಬೆಳಗ್ಗೆ ಕಾಫಿ ಜೊತೆ ವೀಣೆ ಕೇಳುವುದು ಅವರ ಬಹುಕಾಲದ ರೂಢಿ. ತಗ್ಗು ಸ್ವರದ ಸ್ಪೀಕರ್ ಪೆಟ್ಟಿಗೆಯಾದ ಸಬ್‌ವೂಫರ್ ತಂದ ದಿನದಿಂದ ವೀಣೆಯ ಕೆಳಗೆ ಬೇಡದ ಇನ್ನೊಂದು ಶ್ರುತಿ ಸೇರಿಕೊಂಡಿತ್ತು. ನನಗೆ ಫೋನ್ ಮಾಡುವ ಮೊದಲೇ ಯಾರೋ ಬಂದು ಪ್ಲಗ್‌ನ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಕತ್ತರಿಸಿದ್ದರು. ಗುಂಯ್ ಸದ್ದು ಬಹುಪಾಲು ನಿಂತಿತ್ತು. ಉಳಿದ ಚೂರು ಸದ್ದನ್ನು ತೆಗೆಯಲಿ ಎಂದು ನನ್ನನ್ನು ಕರೆದಿದ್ದರು.

ನಾನು ಆಡಿಯೊ ಕೇಬಲ್ ಕಳಚಿ, ಸಬ್‌ವೂಫರ್ ಹಿಂಬದಿಯ ಲೋಹದ ತಟ್ಟೆಗೆ ಟೆಸ್ಟರ್ ಇಟ್ಟೆ. ದೀಪ ಹತ್ತಿತು. ಕೇಬಲ್ ಮತ್ತೆ ಸಿಕ್ಕಿಸಿದರೆ ಆರಿತು. ಅಂದರೆ ಆ ಪೆಟ್ಟಿಗೆಗೆ ಅರ್ಥಿಂಗ್ ಸಿಗುತ್ತಿದ್ದದ್ದು ಗೋಡೆಯ ಸಾಕೆಟ್‌ನಿಂದಲ್ಲ, ಬೆರಳಿಗಿಂತ ತೆಳುವಾದ ಆ ಆಡಿಯೊ ಕೇಬಲ್‌ನ (ಆರ್‌ಸಿಎ ಕೇಬಲ್) ಹೊರಸುತ್ತಿನ ಲೋಹದ ಜಾಲರಿಯಿಂದ. ಒಳಗೆ ಫೇಸ್ ವೈರ್ ಲೋಹಕ್ಕೆ ತಗುಲಿದ್ದರೆ ಆ ಜಾಲರಿ ಎಷ್ಟು ಹೊತ್ತು ತಡೆದೀತು? ಸದ್ದು ಕಿರಿಕಿರಿ ಮಾಡುತ್ತದೆ ಅಷ್ಟೇ, ಅರ್ಥ್ ಇಲ್ಲದ ಲೋಹ ಜೀವ ತೆಗೆಯುತ್ತದೆ.

ಸದ್ದು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ, ಏನನ್ನೂ ಕತ್ತರಿಸಬೇಡಿ. ಪತ್ತೆ ಹಚ್ಚಲು ದುಡ್ಡು ಬೇಡ, ತಾಳ್ಮೆ ಸಾಕು. ಎಲ್ಲವನ್ನೂ ಆಫ್ ಮಾಡಿ, ಸಬ್‌ವೂಫರ್‌ಗೆ ಬರುವ ಆಡಿಯೊ ಕೇಬಲ್ ಕಳಚಿ, ಸಬ್‌ವೂಫರ್ ಒಂದನ್ನೇ ಆನ್ ಮಾಡಿ. ಸದ್ದು ಇನ್ನೂ ಇದ್ದರೆ ದೋಷ ಪೆಟ್ಟಿಗೆಯ ಒಳಗೇ ಇದೆ. ಹಳೆಯ 5.1 ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕರೆಂಟ್‌ನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಸೋತಿರುತ್ತದೆ. ಮುಚ್ಚಿದ ಟಿವಿ ಸ್ಟ್ಯಾಂಡ್‌ನೊಳಗೆ ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಅದರೊಳಗಿನ ದ್ರಾವಣ ಒಣಗುತ್ತದೆ, ಕೆಲವೊಮ್ಮೆ ತಲೆ ಉಬ್ಬಿರುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಈ ಸದ್ದು ಸಾಮಾನ್ಯವಾಗಿ ಕದಲುವುದಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಸೋತ ಕೆಪಾಸಿಟರ್‌ನ ಸದ್ದು 100 ಹರ್ಟ್ಸ್‌ನಲ್ಲಿ ಕೇಳುತ್ತದೆ. ಇದನ್ನು ರಿಪೇರಿ ಅಂಗಡಿಗೇ ಕೊಡಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಸದ್ದು ಬರುತ್ತಿರುವುದು ಸ್ಪೀಕರ್‌ನ ಕೋನ್‌ನಿಂದಲೋ ಪೆಟ್ಟಿಗೆಯಿಂದಲೋ ಎಂದೂ ಕಿವಿಗೊಟ್ಟು ನೋಡಿ. ಕೆಲವು ಮನೆಗಳಲ್ಲಿ ಟ್ರಾನ್ಸ್‌ಫಾರ್ಮರ್ ತಾನೇ ಅದುರುತ್ತಿರುತ್ತದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಓಡುವಾಗ ಅದು ಇನ್ನಷ್ಟು ಜೋರಾಗುತ್ತದೆ. ಕೇಬಲ್ ಬದಲಾಯಿಸಿ ಇದಕ್ಕೆ ಪ್ರಯೋಜನವಿಲ್ಲ.

ಕೇಬಲ್ ಕಳಚಿದಾಗ ಸದ್ದು ನಿಂತರೆ ದೋಷ ಹೊರಗಿದೆ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕೇಬಲ್‌ನ ಒಂದು ತುದಿಯನ್ನು ಸಬ್‌ವೂಫರ್‌ನಲ್ಲಿ ಬಿಟ್ಟು, ಆಂಪ್ಲಿಫೈಯರ್ ಕಡೆಯ ತುದಿಯನ್ನು ಮಾತ್ರ ಎಳೆಯುತ್ತಾರೆ. ಗಾಳಿಯಲ್ಲಿ ನೇತಾಡುವ ಪಿನ್ ಸುತ್ತಲಿನ ವೈರಿಂಗ್‌ನ ಸದ್ದನ್ನೆಲ್ಲ ಹಿಡಿಯುತ್ತದೆ. ಅದನ್ನು ಕೇಳಿ ಕೇಬಲ್ ಕೆಟ್ಟಿದೆ ಎಂದು ಹೊಸದು ತರುತ್ತಾರೆ. ಹಾಗೆ ಮಾಡದೆ ಎರಡೂ ತುದಿ ಸಿಕ್ಕಿಸಿಯೇ ಇಟ್ಟು, ಆಂಪ್ಲಿಫೈಯರ್‌ಗೆ ಬರುವ ಒಂದೊಂದೇ ಉಪಕರಣವನ್ನು ಕಳಚುತ್ತ ಹೋಗಿ. ಮೊದಲು ಕಳಚಬೇಕಾದದ್ದು ಸೆಟ್‌ಟಾಪ್ ಬಾಕ್ಸ್‌ನ ಹಿಂದಿರುವ ಕೇಬಲ್ ಟಿವಿ ವೈರ್. ನಾನು ಯಾವ ಮನೆಗೆ ಹೋದರೂ ಮೊದಲು ಅನುಮಾನಿಸುವುದು ಅದನ್ನೇ.

ಕಾರಣ ಹೀಗೆ. ಸಬ್‌ವೂಫರ್‌ನ ಮೂರನೇ ಪಿನ್ ನಿಮ್ಮ ಮನೆಯ ಅರ್ಥ್ ಗುಂಡಿಗೆ ಹೋಗುತ್ತದೆ. ಕೇಬಲ್ ಟಿವಿ ವೈರ್‌ನ ಹೊರ ಜಾಲರಿ ಬೀದಿಯ ಕಂಬದಲ್ಲೋ ಪಕ್ಕದ ಮನೆಯ ಚಾವಣಿಯಲ್ಲೋ ಇನ್ನೊಂದು ಕಡೆ ನೆಲ ಮುಟ್ಟಿರುತ್ತದೆ. ಈ ಎರಡು ನೆಲಗಳ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಇದ್ದರೂ ಸಾಕು, ಆರ್‌ಸಿಎ ಕೇಬಲ್‌ನ ಜಾಲರಿಯಲ್ಲಿ ಕರೆಂಟ್ ಹರಿಯಲು ಶುರುವಾಗುತ್ತದೆ. ಆರ್‌ಸಿಎಯಲ್ಲಿ ಅದೇ ಜಾಲರಿ ಸಂಗೀತದ ಸಿಗ್ನಲ್ ವಾಪಸಾಗುವ ದಾರಿಯೂ ಹೌದು. ಜಾಲರಿಯ ರೋಧ 0.1 ಓಮ್, ಅದರಲ್ಲಿ 100 ಮಿಲಿ ಆಂಪಿಯರ್ ಹರಿದರೆ 10 ಮಿಲಿ ವೋಲ್ಟ್ ಸಂಗೀತದ ಜೊತೆ ಸೇರಿಕೊಳ್ಳುತ್ತದೆ. ತಗ್ಗು ಸ್ವರಕ್ಕೆಂದೇ ಮಾಡಿದ ಸಬ್‌ವೂಫರ್ 50 ಹರ್ಟ್ಸ್‌ನ ಆ ಚೂರನ್ನೂ ದೊಡ್ಡದು ಮಾಡಿ ಕೇಳಿಸುತ್ತದೆ. ಚಿಕ್ಕ ಸ್ಪೀಕರ್‌ಗಳಿಗೆ ಅಷ್ಟು ಕೆಳಗಿಳಿಯಲು ಆಗುವುದಿಲ್ಲ, ಅದಕ್ಕೇ ಅವು ಸುಮ್ಮನಿರುತ್ತವೆ.

ಕೇಬಲ್ ಟಿವಿ ಆದರೆ ಆ ವೈರ್‌ಗೆ ಟಿವಿ ಸಿಗ್ನಲ್ ಬಿಟ್ಟು ಜಾಲರಿಯ ಕರೆಂಟ್ ತಡೆಯುವ ಒಂದು ಚಿಕ್ಕ ಐಸೊಲೇಟರ್ ಹಾಕಿದರೆ ಸಾಕು. ಡಿಟಿಎಚ್ ಇರುವ ಮನೆಯಲ್ಲಿ ಇದು ನಡೆಯುವುದಿಲ್ಲ. ಚಾವಣಿಯ ಡಿಶ್‌ನಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಡಿಸಿ ಹೋಗುವುದು ಅದೇ ವೈರ್‌ನಲ್ಲಿ, ಮಾಮೂಲಿ ಐಸೊಲೇಟರ್ ಅದನ್ನೂ ತಡೆದುಬಿಡುತ್ತದೆ. ಅಲ್ಲಿ ಟಿವಿಯಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಹಾಕಿಸುತ್ತೇನೆ. ಬೆಳಕಿನಲ್ಲಿ ಹೋಗುವ ಸಿಗ್ನಲ್‌ಗೆ ಅರ್ಥ್‌ನ ಹಂಗಿಲ್ಲ. ಆದರೆ ಎಚ್‌ಡಿಎಂಐಯನ್ನೂ ಆಂಪ್ಲಿಫೈಯರ್‌ಗೆ ಸಿಕ್ಕಿಸಿಟ್ಟರೆ ಅದರ ಜಾಲರಿ ಹಳೆಯ ದಾರಿಯನ್ನೇ ಮತ್ತೆ ತೆರೆಯುತ್ತದೆ. ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ನಡುವೆ ಹಾಕುವ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೂಡ ಕೆಲಸ ಮಾಡುತ್ತದೆ. 20 ಹರ್ಟ್ಸ್‌ವರೆಗೆ ಸರಿಯಾಗಿ ಸಾಗಿಸುವಂಥದ್ದನ್ನೇ ಕೇಳಿ ತನ್ನಿ. ಅಗ್ಗದ ಪುಟ್ಟ ಟ್ರಾನ್ಸ್‌ಫಾರ್ಮರ್ ಗುಂಯ್ ಸದ್ದಿನ ಜೊತೆ ಮೃದಂಗದ ತೊಪ್ಪಿಯನ್ನೂ ಸೊರಗಿಸುತ್ತದೆ.

ಹಳೆಯ ಬಾಡಿಗೆ ಮನೆಗಳಲ್ಲಿ ಕಥೆ ಉಲ್ಟಾ. ಸಾಕೆಟ್‌ಗೆ ಮೂರು ತೂತು ಇರುತ್ತದೆ, ಮೂರನೆಯದರ ಹಿಂದೆ ವೈರೇ ಇರುವುದಿಲ್ಲ. ಲೋಹ ಮುಟ್ಟಿದರೆ ಜುಮ್ಮೆನ್ನುತ್ತದೆ, ಮುಟ್ಟಿದ ಕೂಡಲೇ ಸದ್ದು ಬದಲಾಗುತ್ತದೆ. ಇದಕ್ಕೆ ಕೆಲವರು ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ತುಂಡು ವೈರ್ ಕಟ್ಟಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ನಿಮ್ಮ ಸಬ್‌ವೂಫರ್‌ನ ಮೈಯೆಲ್ಲ 230 ವೋಲ್ಟ್. ಸರಿಯಾದ ಅರ್ಥ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿ, ಮೇನ್ ಬೋರ್ಡ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ನೋಡಿ.

ಉಪನ್ಯಾಸಕರ ಮನೆಯಲ್ಲಿ ಹೊಸ ಮೂರು ಪಿನ್ ಪ್ಲಗ್ ಹಾಕಿದೆ, ಗುಂಯ್ ಮರಳಿತು. ಕೇಬಲ್ ಟಿವಿ ವೈರ್ ಎಳೆದೆ, ನಿಂತಿತು. ಐಸೊಲೇಟರ್ ಹಾಕಿದ ಮೇಲೆ ಟಿವಿಯೂ ಬಂತು, ಮರಳಿದ್ದ ಗುಂಯ್ ಸದ್ದೂ ಹೋಯಿತು. ಮೊದಲಿನಿಂದ ಉಳಿದಿದ್ದ ಆ ಚೂರು ಸದ್ದಿಗೆ ಕಾರಣ ಬೇರೆ. ಸಬ್‌ವೂಫರ್‌ನ ಗೇನ್ ಗುಬ್ಬಿ ಪೂರ್ತಿ ಏರಿತ್ತು, ಆಂಪ್ಲಿಫೈಯರ್‌ನ ಸೆಟ್ಟಿಂಗ್‌ನಲ್ಲಿ ಸಬ್ ಮಟ್ಟ ಮೈನಸ್ 10ರಲ್ಲಿತ್ತು. ಗೇನ್ ಇಳಿಸಿ ಆಂಪ್ಲಿಫೈಯರ್‌ನ ಸಬ್ ಮಟ್ಟ ಏರಿಸಿದೆ. ಬಟ್ಟೆಯ ಜಾಲರಿಗೆ ಕಿವಿ ಹಚ್ಚಿದರೂ ಏನೂ ಕೇಳಲಿಲ್ಲ.

ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ ನೋಡಿದೆ. ಗ್ರೈಂಡರ್ ಪ್ಲಗ್‌ಗೂ ಮೂರನೇ ಪಿನ್ ಇರಲಿಲ್ಲ. ಅದನ್ನೂ ಬದಲಿಸಿ ಬಂದೆ.